ಉಸಿರಿನ ದಾರಿಯಲ್ಲಿ ಮದ್ದು

ಮನುಷ್ಯನು ಅನ್ನವಿಲ್ಲದೆ ಕೆಲವು ವಾರಗಳ ಕಾಲವೂ ನೀರಿಲ್ಲದೆ ಕೆಲವು ದಿನಗಳ ಕಾಲವೂ ಬದುಕಿಯಾನು. ಗಾಳಿಯಿಲ್ಲದೆ ಕೆಲವು ನಿಮಿಷಗಳಿಗಿಂತ ಹೆಚ್ಚು ಬದುಕಲಾರನು. ಇದು ಎಲ್ಲರೂ ಬಲ್ಲ ಮಾತು. ಆದರೂ ದಿನವೊಂದಕ್ಕೆ ಸುಮಾರು 20 ಸಾವಿರ ಸಲ ನಾವು ಉಸಿರಾಡುತ್ತೇವೆಂಬ ಸಂಗತಿಯು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಉಸಿರು ಸಲೀಸಾಗಿ ಆಡುತ್ತಿರುವವರೆಗೆ ಅದರ ನೆನಪಾಗದು. ಪ್ರತಿಯೊಂದು ಉಸಿರನ್ನೂ ಪ್ರಯತ್ನಪೂರ್ವಕವಾಗಿ ಎಳೆದುಕೊಳ್ಳಬೇಕಾದವರಿಗೆ ಮಾತ್ರ ಅದರ ಬೆಲೆ ಗೊತ್ತು.

ನನ್ನ ಸೋದರತ್ತೆಯವರು ಅಂತಹವರಲ್ಲಿ ಒಬ್ಬರು. ಹದಿನೇಳನೆಯ ವಯಸ್ಸಿನಲ್ಲಿ ಮಲೆನಾಡಿನ ಒಂದು ದೊಡ್ಡ ಕುಟುಂಬಕ್ಕೆ ಸೊಸೆಯಾಗಿ ಹೋದ ಅವರು, ಅಂದಿನಿಂದ ಕಟ್ಟಿಗೆಯ ಒಲೆಯ ಮುಂದೆಯೇ ಆಯುಷ್ಯವನ್ನು ಕಳೆದರು. ಬೀಡಿ ಸಿಗರೇಟುಗಳನ್ನು ಕೈಯಿಂದ ಮುಟ್ಟಿದವರಲ್ಲ. ಆದರೂ ಅರುವತ್ತು ದಾಟುವ ಹೊತ್ತಿಗೆ ಅವರಿಗೆ ಕೆಮ್ಮು, ಕಫ, ಏದುಸಿರುಗಳು ನಿತ್ಯದ ಸಂಗಾತಿಗಳಾದವು. ಅಂಗಳದಿಂದ ಬಾವಿಯ ಕಟ್ಟೆಗೆ ಹೋಗುವಷ್ಟರಲ್ಲಿ ಮೂರು ಕಡೆ ನಿಲ್ಲುತ್ತಿದ್ದರು. ವಯಸ್ಸಾಯಿತು, ದಮ್ಮು ಬಂದಿದೆ ಎಂದು ಮನೆಯವರೂ ಅವರೂ ಸಮಾಧಾನ ಮಾಡಿಕೊಂಡಿದ್ದರು.

ವೈದ್ಯರು ಈ ರೋಗವನ್ನು ದೀರ್ಘಕಾಲಿಕ ಶ್ವಾಸಮಾರ್ಗ ಅವರೋಧ ರೋಗವೆಂದೂ ಚಿಕ್ಕದಾಗಿ ಸಿ.ಓ.ಪಿ.ಡಿ. ಎಂದೂ ಕರೆಯುತ್ತಾರೆ. ನಮ್ಮ ಶ್ವಾಸನಾಳವು ಮರದ ಕೊಂಬೆಗಳಂತೆ ಕವಲೊಡೆಯುತ್ತ ಹೋಗಿ, ಕೊನೆಗೆ ಕೋಟಿಗಟ್ಟಲೆ ಸೂಕ್ಷ್ಮ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಹೊಗೆಯು ವರ್ಷಾನುಗಟ್ಟಲೆ ಒಳಸೇರಿದಾಗ ಕವಲುಗಳ ಒಳಗೋಡೆ ಊದಿಕೊಂಡು ದಾರಿ ಕಿರಿದಾಗುತ್ತದೆ. ಕಫವು ಹೆಚ್ಚಿ ಅದನ್ನು ಮತ್ತಷ್ಟು ಮುಚ್ಚುತ್ತದೆ. ಗಾಳಿಗೂಡುಗಳ ಗೋಡೆಗಳು ಹರಿದು ತಮ್ಮ ಪುಟಿಯುವ ಗುಣವನ್ನು ಕಳೆದುಕೊಳ್ಳುತ್ತವೆ. ಹೀಗೆ ನಷ್ಟವಾದುದು ಮತ್ತೆ ಬಾರದು. ಆದರೆ ಕಿರಿದಾದ ದಾರಿಯನ್ನು ಔಷಧದಿಂದ ತಕ್ಕಮಟ್ಟಿಗೆ ಅಗಲಿಸಬಹುದು, ಮೇಲಿಂದ ಮೇಲೆ ಬರುವ ಉಲ್ಬಣಗಳನ್ನು ತಡೆಯಬಹುದು. 2021ರಲ್ಲಿ ಈ ರೋಗದಿಂದ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರು ಮರಣಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸುತ್ತದೆ. ಭಾರತದಲ್ಲಿ 1990ರಲ್ಲಿ 2 ಕೋಟಿ 81 ಲಕ್ಷದಷ್ಟಿದ್ದ ಈ ರೋಗಿಗಳ ಸಂಖ್ಯೆಯು 2016ರ ವೇಳೆಗೆ 5 ಕೋಟಿ 53 ಲಕ್ಷಕ್ಕೆ ಏರಿತೆಂಬುದು ತಜ್ಞರ ಅಂದಾಜು.

ಧೂಮಪಾನವೇ ಇದರ ಮುಖ್ಯ ಕಾರಣವೆಂಬುದು ನಿಜ. ಆದರೆ ನಮ್ಮ ದೇಶದಲ್ಲಿ ಅಡುಗೆಮನೆಯ ಹೊಗೆಯನ್ನು ಮರೆಯುವಂತಿಲ್ಲ. ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಅಳೆಯಲು ಸರಳವಾದ ಲೆಕ್ಕವನ್ನು ಬಳಸಿಕೊಂಡಿತು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ ಇದ್ದರೆಂಬುದನ್ನು, ಎಷ್ಟು ವರ್ಷ ಹಾಗಿದ್ದರೆಂಬುದರಿಂದ ಗುಣಿಸಬೇಕು. ಗುಣಲಬ್ಧವು 60ನ್ನು ಮುಟ್ಟಿತೆಂದರೆ ದೀರ್ಘಕಾಲದ ಕೆಮ್ಮು ಕಫಗಳ ಅಪಾಯವು ಗಣನೀಯವಾಗುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದವರು ಆ ಗೆರೆಯನ್ನು ತಲುಪಿದಂತಾಯಿತು. ನಮ್ಮತ್ತೆಯವರದು ದಿನಕ್ಕೆ ನಾಲ್ಕು ಗಂಟೆ, ನಲವತ್ತೈದು ವರ್ಷ. ಓದುವವರು ತಾವೇ ಗುಣಿಸಿ ನೋಡಬಹುದು.

ಅಂತೂ ಒಂದು ಮಳೆಗಾಲದಲ್ಲಿ ಅವರನ್ನು ಪೇಟೆಯ ವೈದ್ಯರಿಗೆ ತೋರಿಸಲಾಯಿತು. ವೈದ್ಯರು ಊದಿಸಿ ಪರೀಕ್ಷಿಸಿ, ರೋಗವನ್ನು ಗುರುತಿಸಿ, ಸರಿಯಾದ ಔಷಧವನ್ನೇ ಬರೆದುಕೊಟ್ಟರು. ಅಂಗಡಿಯವರು ಚೀಟಿಯಲ್ಲಿದ್ದುದನ್ನು ಲೋಪವಿಲ್ಲದೆ ಕೊಟ್ಟರು: ಕ್ಯಾಪ್ಸೂಲುಗಳ ಪಟ್ಟಿಗಳು, ಜೊತೆಗೆ ರೋಟಾಹೇಲರ್ ಎಂಬ ಚಿಕ್ಕ ಪ್ಲಾಸ್ಟಿಕ್ ಉಪಕರಣ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದರು. ನಮ್ಮತ್ತೆಯವರು ಹೇಳಿದ್ದನ್ನು ಶಿಸ್ತಿನಿಂದ ಪಾಲಿಸುವವರು. ಬೆಳಿಗ್ಗೆ ಒಂದು ಕ್ಯಾಪ್ಸೂಲನ್ನು ಕಾಫಿಯೊಡನೆಯೂ ರಾತ್ರಿ ಒಂದನ್ನು ಬಿಸಿನೀರಿನೊಡನೆಯೂ ನುಂಗಿದರು. ಹತ್ತು ವಾರಗಳ ಕಾಲ ಹೀಗೆಯೇ ನಡೆಯಿತು. ಆ ಪ್ಲಾಸ್ಟಿಕ್ ಉಪಕರಣವು ಗೋಡೆಯ ಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕದಲ್ಲಿ ಕುಳಿತಿತ್ತು.

ಏಳನೆಯ ವಾರದಲ್ಲಿ ಏದುಸಿರು ಉಲ್ಬಣಿಸಿ ಅವರನ್ನು ನಾಲ್ಕು ದಿನ ಆಸ್ಪತ್ರೆಯಲ್ಲಿ ಇರಿಸಬೇಕಾಯಿತು. ಮದ್ದು ಸಾಲುತ್ತಿಲ್ಲವೆಂದು ವೈದ್ಯರು ಅದರ ಬಲವನ್ನು ಹೆಚ್ಚಿಸಿದರು. ಹೆಚ್ಚಿಸಿದ ಮದ್ದೂ ಹೊಟ್ಟೆಗೇ ಹೋಯಿತು. ಯಾರದು ತಪ್ಪು? ವೈದ್ಯರು ಬರೆದುದು ಸರಿ, ಅಂಗಡಿಯವರು ಕೊಟ್ಟುದು ಸರಿ, ರೋಗಿಯು ನಿಷ್ಠೆಯಿಂದ ತೆಗೆದುಕೊಂಡುದೂ ದಿಟ. ಔಷಧವು ಮಾತ್ರ ಶ್ವಾಸಕೋಶವನ್ನು ಮುಟ್ಟಲಿಲ್ಲ.

ಈ ಔಷಧವನ್ನು ಉಸಿರಿನ ಮೂಲಕವೇ ಏಕೆ ಕೊಡಬೇಕು, ನುಂಗಿದರಾಗದೇ ಎಂಬ ಪ್ರಶ್ನೆ ಸಹಜ. ನುಂಗಿದ ಮದ್ದು ಕರುಳಿನಿಂದ ಯಕೃತ್ತಿಗೆ ಹೋಗಿ, ಅಲ್ಲಿ ಬಹಳಷ್ಟು ನಾಶವಾಗಿ, ಉಳಿದುದು ರಕ್ತದಲ್ಲಿ ಬೆರೆತು ಇಡೀ ದೇಹವನ್ನು ಸುತ್ತಬೇಕು. ಆಮೇಲೆ ಅದರಲ್ಲಿ ಒಂದಂಶವು ಶ್ವಾಸಕೋಶವನ್ನು ಸೇರೀತು. ಆದುದರಿಂದ ಪ್ರಮಾಣವು ಹೆಚ್ಚಾಗಿರಬೇಕು. ಉಸಿರಿನಲ್ಲಿ ಸೇದಿದ ಮದ್ದಾದರೋ ನೇರವಾಗಿ ಬೇಕಾದೆಡೆಗೆ ತಲುಪುತ್ತದೆ. ಸಾಲ್ಬ್ಯುಟಮಾಲ್ ಎಂಬ ಶ್ವಾಸನಾಳವನ್ನು ಸಡಿಲಿಸುವ ಔಷಧವನ್ನೇ ನೋಡೋಣ. ಅದರ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ, ಎಂದರೆ 4000 ಮೈಕ್ರೋಗ್ರಾಂ ಇರುವುದುಂಟು. ಇನ್‌ಹೇಲರಿನ ಒಂದು ಸಿಂಪಡಿಕೆಯಲ್ಲಿ ಇರುವುದು 100 ಮೈಕ್ರೋಗ್ರಾಂ. ಅಂದರೆ ಒಂದು ಮಾತ್ರೆಯು 40 ಸಿಂಪಡಿಕೆಗಳಿಗೆ ಸಮ. ನಮ್ಮತ್ತೆಯವರು ನುಂಗುತ್ತಿದ್ದ ಕ್ಯಾಪ್ಸೂಲಿನಲ್ಲಿದ್ದುದು ಉಸಿರಿಗಾಗಿ ಲೆಕ್ಕಹಾಕಿದ ಅತ್ಯಲ್ಪ ಪ್ರಮಾಣದ ಪುಡಿ. ಅದು ಹೊಟ್ಟೆಗೆ ಹೋದರೆ ಶ್ವಾಸನಾಳಕ್ಕೆ ಪ್ರಯೋಜನವಿಲ್ಲ.

ಉಸಿರಿನ ಮೂಲಕ ಮದ್ದನ್ನು ಕೊಡುವ ಯೋಚನೆ ಹೊಸದಲ್ಲ. ಗೂರಲು ರೋಗಿಗಳು ದತ್ತೂರಿಯ ಹೊಗೆಯನ್ನು ಸೇದುವ ಪದ್ಧತಿಯು ನಮ್ಮಲ್ಲಿ ಹಿಂದೆ ಇದ್ದಿತು. 19ನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದು ಮದ್ರಾಸಿನಿಂದ ಬ್ರಿಟನ್ನಿಗೆ ಹೋಗಿ ಅಲ್ಲಿಯೂ ಪ್ರಚಾರಕ್ಕೆ ಬಂದಿತು. ದತ್ತೂರಿಯು ಘೋರ ವಿಷ. ಅದನ್ನು ಯಾರೂ ಪರೀಕ್ಷಿಸಹೋಗಬಾರದು. ಆದರೆ ಅದರಲ್ಲಿರುವ ಅಟ್ರೋಪಿನ್ ಎಂಬ ವಸ್ತುವನ್ನೇ ಮಾರ್ಪಡಿಸಿ ರಸಾಯನಶಾಸ್ತ್ರಜ್ಞರು ಇಪ್ರಟ್ರೋಪಿಯಂ ಎಂಬ ಸುರಕ್ಷಿತ ಔಷಧವನ್ನು ತಯಾರಿಸಿದರು. ಅದು ಇಂದಿಗೂ ಈ ರೋಗಿಗಳಿಗೆ ಉಪಯೋಗದಲ್ಲಿದೆ.

ಕೈಯಲ್ಲಿ ಹಿಡಿಯುವ ಇಂದಿನ ಇನ್‌ಹೇಲರಿನ ಹುಟ್ಟಿಗೆ ಒಬ್ಬ ಹುಡುಗಿಯ ಪ್ರಶ್ನೆ ಕಾರಣವೆಂದು ಹೇಳುತ್ತಾರೆ. ಅಮೆರಿಕದ ರೈಕರ್ ಔಷಧ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜಾರ್ಜ್ ಮೇಸನ್ ಅವರ ಮಗಳಿಗೆ ಆಸ್ತಮಾ ಇತ್ತು. ರಬ್ಬರಿನ ಗುಂಡನ್ನು ಒತ್ತಿ ಮದ್ದನ್ನು ಸಿಂಪಡಿಸುವ ಗಾಜಿನ ಉಪಕರಣವನ್ನು ಬಳಸಿ ಬೇಸತ್ತಿದ್ದ ಅವಳು, ತಲೆಗೂದಲಿಗೆ ಸಿಂಪಡಿಸುವ ದ್ರವ ಡಬ್ಬಿಯಲ್ಲಿ ಬರುವಂತೆ ನನ್ನ ಮದ್ದೂ ಏಕೆ ಬರಬಾರದು ಎಂದು 1955ರಲ್ಲಿ ತಂದೆಯನ್ನು ಕೇಳಿದಳಂತೆ. ಮರುವರ್ಷ, 1956ರಲ್ಲಿ, ಪ್ರತಿ ಒತ್ತಿಗೂ ನಿಗದಿಯಾದ ಅಳತೆಯನ್ನೇ ಹೊರಬಿಡುವ ಮೆಡಿಹೇಲರ್ ಮಾರುಕಟ್ಟೆಗೆ ಬಂದಿತು.

ಹುಡುಗಿಯ ಪ್ರಶ್ನೆಗೆ ಉತ್ತರ ದೊರೆಯಿತು. ಜೊತೆಯಲ್ಲಿ ಒಂದು ಹೊಸ ತೊಡಕೂ ಬಂದಿತು. ಮಾತ್ರೆಯನ್ನು ನುಂಗಲು ಕೌಶಲ ಬೇಡ. ಇನ್‌ಹೇಲರಿಗೆ ಬೇಕು. ಔಷಧದ ಕಣಗಳು ಶ್ವಾಸನಾಳದ ಕಿರುಗವಲುಗಳನ್ನು ಸೇರಬೇಕಾದರೆ ಅವುಗಳ ಗಾತ್ರವು 1ರಿಂದ 5 ಮೈಕ್ರೋಮೀಟರ್ ಇರಬೇಕು. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಅದಕ್ಕಿಂತ ದಪ್ಪದ ಕಣಗಳು ಗಂಟಲಿಗೇ ಬಡಿದು ನಿಂತುಬಿಡುತ್ತವೆ. ಕಣಗಳು ತಕ್ಕ ಗಾತ್ರದಲ್ಲಿದ್ದರೂ ಉಸಿರೆಳೆಯುವ ವೇಗ ತಪ್ಪಿದರೆ ಅವು ದಾರಿ ತಪ್ಪುತ್ತವೆ. ಇಲ್ಲಿಯೇ ರೋಗಿಯನ್ನು ಗೊಂದಲಕ್ಕೀಡುಮಾಡುವ ಸಂಗತಿಯೊಂದಿದೆ. ಒತ್ತಿ ಸಿಂಪಡಿಸುವ ಇನ್‌ಹೇಲರನ್ನು ಬಳಸುವಾಗ ನಿಧಾನವಾಗಿ, ನಾಲ್ಕೈದು ಸೆಕೆಂಡುಗಳಷ್ಟು ಕಾಲ, ಆಳವಾಗಿ ಉಸಿರೆಳೆಯಬೇಕು. ಪುಡಿಯ ಇನ್‌ಹೇಲರಿನಲ್ಲಾದರೆ ಜೋರಾಗಿ, ಒಮ್ಮೆಲೆ ಸೆಳೆಯಬೇಕು. ಏಕೆಂದರೆ ಪುಡಿಯನ್ನು ಒಡೆದು ಮೇಲೆಬ್ಬಿಸುವ ಶಕ್ತಿಯು ಡಬ್ಬಿಯಲ್ಲಿಲ್ಲ, ರೋಗಿಯ ಉಸಿರಿನಲ್ಲಿಯೇ ಇದೆ. ಒಂದು ಉಪಕರಣವನ್ನು ಬಿಟ್ಟು ಇನ್ನೊಂದಕ್ಕೆ ಬದಲಾದ ರೋಗಿಯು ಹಳೆಯ ರೂಢಿಯಂತೆಯೇ ಉಸಿರೆಳೆದರೆ ಮದ್ದು ವ್ಯರ್ಥವಾಗುತ್ತದೆ.

ತಪ್ಪುಗಳು ಇನ್ನೂ ಅನೇಕ. ಸಿಂಪಡಿಸುವ ಡಬ್ಬಿಯನ್ನು ಅಲುಗಿಸದೆ ಬಳಸುವುದು, ಮೊದಲು ಉಸಿರನ್ನು ಪೂರ್ತಿ ಹೊರಹಾಕದಿರುವುದು, ಒತ್ತುವುದೊಂದು ಕ್ಷಣ ಸೆಳೆಯುವುದೊಂದು ಕ್ಷಣವಾಗುವುದು, ಸೆಳೆದ ಕೂಡಲೇ ಉಸಿರು ಬಿಟ್ಟುಬಿಡುವುದು. ಸೆಳೆದ ಮೇಲೆ ಹತ್ತು ಸೆಕೆಂಡುಗಳಷ್ಟಾದರೂ ಉಸಿರನ್ನು ಬಿಗಿಹಿಡಿದರೆ ಮಾತ್ರ ಕಣಗಳು ಒಳಗೆ ನೆಲೆಗೊಳ್ಳುತ್ತವೆ. ಪುಡಿಯ ಉಪಕರಣದೊಳಕ್ಕೇ ಉಸಿರು ಬಿಡುವವರಿದ್ದಾರೆ. ಉಸಿರಿನ ತೇವದಿಂದ ಪುಡಿಯು ಗಂಟುಕಟ್ಟುತ್ತದೆ. ಸ್ಟೀರಾಯ್ಡ್ ಬೆರೆತ ಮದ್ದನ್ನು ಸೇದಿ ಬಾಯಿ ಮುಕ್ಕಳಿಸದೆ, ನಾಲಗೆಯ ಮೇಲೆ ಬಿಳಿಯ ಬೂಷ್ಟು ಬೆಳೆಸಿಕೊಂಡು, ಮದ್ದೇ ಕೆಟ್ಟದ್ದೆಂದು ಬಿಟ್ಟವರೂ ಉಂಟು. ಮುಚ್ಚಳವನ್ನು ತೆಗೆಯದೆಯೇ ಒತ್ತಿದವರ ಸಂಗತಿಯನ್ನು ಕೇಳಿ ನಾನು ನಕ್ಕಿದ್ದೆ. ಅತ್ತೆಯವರ ಪ್ರಸಂಗವಾದ ಮೇಲೆ ನಗು ಬರುವುದಿಲ್ಲ.

ಇದು ಅಜ್ಞಾನಿಗಳ ತಪ್ಪೆಂದು ತಳ್ಳಿಹಾಕುವಂತೆಯೂ ಇಲ್ಲ. 1975ರಿಂದ 2014ರವರೆಗೆ ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯು 54 ಸಾವಿರಕ್ಕೂ ಹೆಚ್ಚು ಜನರ ಇನ್‌ಹೇಲರ್ ಬಳಕೆಯನ್ನು ಪರಿಶೀಲಿಸಿತು. ಸರಿಯಾಗಿ ಬಳಸುತ್ತಿದ್ದವರು ಶೇಕಡ 31 ಮಾತ್ರ. ನಲವತ್ತು ವರ್ಷಗಳಲ್ಲಿ ಉಪಕರಣಗಳು ಎಷ್ಟೋ ಸುಧಾರಿಸಿದ್ದರೂ ಈ ಲೆಕ್ಕವು ಸುಧಾರಿಸಲಿಲ್ಲ. ಉಪಕರಣವನ್ನು ಕೈಗೆ ಕೊಡುವವರು ಅದನ್ನು ಬಳಸುವ ಬಗೆಯನ್ನು ಕಲಿಸದಿದ್ದರೆ ಬೇರೇನಾದೀತು?

ಕಲಿಸುವವರು ಯಾರು? ವೈದ್ಯರ ಕೋಣೆಯ ಹೊರಗೆ ಸಾಲು ಬೆಳೆದಿರುತ್ತದೆ. ರೋಗಿಯು ಅವರನ್ನು ಕಾಣುವುದೂ ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ. ಆದರೆ ಔಷಧದಂಗಡಿಗೆ ಅವನು ತಿಂಗಳು ತಿಂಗಳೂ ಬರುತ್ತಾನೆ. ಆದುದರಿಂದ ಔಷಧವನ್ನು ವಿತರಿಸುವ ಫಾರ್ಮಸಿಸ್ಟನೇ ಈ ಕೆಲಸಕ್ಕೆ ತಕ್ಕವನು. ಔಷಧದ ಗುಣ, ಪ್ರಮಾಣ, ಬಳಕೆಗಳನ್ನು ವರ್ಷಗಟ್ಟಲೆ ಅಭ್ಯಾಸಮಾಡಿದವನು ಅವನು. ಅವನನ್ನು ಬರಿಯ ಅಂಗಡಿಯವನೆಂದು ಕಾಣುವುದು ನಮ್ಮ ಹಳೆಯ ರೂಢಿ.

ನಮ್ಮತ್ತೆಯವರ ಭಾಗ್ಯಕ್ಕೆ ಹನ್ನೊಂದನೆಯ ವಾರದಲ್ಲಿ, ಅಂದರೆ ಮದ್ದು ತೀರಿದ ದಿನ, ಎಂದಿನ ಅಂಗಡಿಯು ಮುಚ್ಚಿತ್ತು. ಅವರನ್ನು ಬಸ್ ನಿಲ್ದಾಣದ ಬಳಿಯ ಇನ್ನೊಂದು ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿ ಕುಳಿತಿದ್ದ ತರುಣಿಯು ಚೀಟಿಯನ್ನು ಓದಿ, ಔಷಧವನ್ನು ಮುಂದಿಟ್ಟು, ಹಣವನ್ನು ಕೇಳುವ ಮೊದಲು ಒಂದು ಮಾತು ಕೇಳಿದಳು: “ಅಮ್ಮಾ, ಇದನ್ನು ಹೇಗೆ ತೆಗೆದುಕೊಳ್ಳುತ್ತೀರಿ? ಒಮ್ಮೆ ತೋರಿಸುವಿರಾ?”

ಅತ್ತೆಯವರು ಕ್ಯಾಪ್ಸೂಲನ್ನು ಅಂಗೈಯಲ್ಲಿಟ್ಟುಕೊಂಡು, “ಕುಡಿಯಲು ಸ್ವಲ್ಪ ನೀರು ಕೊಡು ಮಗಳೇ” ಎಂದರು.

ಆಕೆಯು ನಗಲಿಲ್ಲ, ಗದರಿಸಲೂ ಇಲ್ಲ. ಇದನ್ನು ನಾನು ವಿಶೇಷವಾಗಿ ಗಮನಿಸಿದೆ. ಒಳಗಿನಿಂದ ಔಷಧವಿಲ್ಲದ ಮಾದರಿ ಉಪಕರಣವನ್ನು ತಂದು, ಅತ್ತೆಯವರನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದಳು. ಕ್ಯಾಪ್ಸೂಲಿನ ಪಾರದರ್ಶಕವಾದ ತುದಿಯನ್ನು ಚೌಕದ ರಂಧ್ರಕ್ಕೆ ಸೇರಿಸಿ, ಬುಡವನ್ನು ತಿರುಗಿಸಿ, ಅದು ಒಳಗೆ ಎರಡು ಹೋಳಾಗುವುದನ್ನು ತೋರಿಸಿದಳು. ಮುಖವನ್ನು ಪಕ್ಕಕ್ಕೆ ತಿರುಗಿಸಿ ಉಸಿರನ್ನು ಬಿಟ್ಟು, ತುಟಿಗಳನ್ನು ಬಿಗಿಯಾಗಿ ಮುಚ್ಚಿ, “ಒಲೆಯ ಕೊಳವೆ ಊದುತ್ತೀರಲ್ಲ, ಅದನ್ನೇ ಹಿಂದುಮುಂದು ಮಾಡಿ, ಅಷ್ಟೇ ಜೋರಾಗಿ ಒಳಗೆಳೆಯಿರಿ” ಎಂದಳು. ಈ ಹೋಲಿಕೆಯು ಯಾವ ಪುಸ್ತಕದಲ್ಲಿಯೂ ಇರಲಾರದು. ಅತ್ತೆಯವರಿಗೆ ಅದು ಥಟ್ಟನೆ ಹಿಡಿಯಿತು. ಮೊದಲ ಸಲ ಕೆಮ್ಮು ಬಂದಿತು, ಎರಡನೆಯ ಸಲ ತುಟಿಯ ಬದಿಯಿಂದ ಗಾಳಿ ಸೋರಿತು, ಮೂರನೆಯ ಸಲ ಸರಿಹೋಯಿತು. ಆಮೇಲೆ ಅವಳು ಉಪಕರಣವನ್ನು ಬಿಚ್ಚಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಸೆಳೆಯಬೇಕೆಂದೂ, ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಬೇಕೆಂದೂ ತಿಳಿಸಿದಳು. ನುಂಗಿದ ವಿಷಯವನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರಿಗೆ ಕೊಡಲು ನನ್ನ ಕೈಗಿತ್ತಳು. ಅದನ್ನು ಓದಿದ ಮೇಲೆ ವೈದ್ಯರು ಹೆಚ್ಚಿಸಿದ್ದ ಬಲವನ್ನು ಮತ್ತೆ ಇಳಿಸಿದರು.

ಅತ್ತೆಯವರ ಮನಸ್ಸಿನಲ್ಲಿ ಇನ್ನೊಂದು ಅಂಜಿಕೆ ಇತ್ತು. ಸೇದುವ ಮದ್ದು ಅಭ್ಯಾಸವಾಗಿಬಿಡುತ್ತದೆ, ಅದು ಕಡೆಗಾಲದವರಿಗೆ ಕೊಡುವಂಥದು ಎಂದು ಯಾರೋ ಹೇಳಿದ್ದರು. ನಮ್ಮ ಊರುಗಳಲ್ಲಿ ಈ ನಂಬಿಕೆಯು ಎಷ್ಟು ಬೇರೂರಿದೆಯೆಂದರೆ, ಮದುವೆಗೆ ಬಂದ ಹೆಣ್ಣುಮಕ್ಕಳ ಇನ್‌ಹೇಲರನ್ನು ತಾಯಂದಿರು ಬಚ್ಚಿಡುವುದುಂಟು. ಆ ತರುಣಿಯು ಮಾತ್ರೆಗೂ ಸಿಂಪಡಿಕೆಗೂ ಇರುವ ಪ್ರಮಾಣದ ಅಂತರವನ್ನು ವಿವರಿಸಿ, “ಕನ್ನಡಕವನ್ನು ದಿನವೂ ಹಾಕಿಕೊಳ್ಳುತ್ತೀರಿ, ಅದು ಚಟವೇ?” ಎಂದು ಕೇಳಿದಳು. ಉತ್ತರ ಬರಲಿಲ್ಲ, ಆದರೆ ಕ್ಯಾಪ್ಸೂಲುಗಳು ಚೀಲವನ್ನು ಸೇರಿದವು.

ಇದೆಲ್ಲಕ್ಕೂ ಹಿಡಿದುದು ಹದಿನೈದು ನಿಮಿಷ. ಅಷ್ಟು ಸಣ್ಣ ಕೆಲಸದಿಂದ ಏನಾದೀತೆಂಬುದನ್ನು ಬೆಲ್ಜಿಯಂ ದೇಶದಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿ ನೋಡಿದ್ದಾರೆ. ಅಲ್ಲಿನ 170 ಔಷಧಾಲಯಗಳಲ್ಲಿ ಸಿ.ಓ.ಪಿ.ಡಿ. ಇರುವ 734 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಎಂದಿನಂತೆ ಔಷಧವನ್ನು ಕೊಟ್ಟರು. ಇನ್ನೊಂದು ಗುಂಪಿನವರೊಡನೆ ಫಾರ್ಮಸಿಸ್ಟರು ಆರಂಭದಲ್ಲಿ ಒಮ್ಮೆ, ತಿಂಗಳ ಬಳಿಕ ಇನ್ನೊಮ್ಮೆ ಕುಳಿತು, ಇನ್‌ಹೇಲರಿನ ಬಳಕೆಯನ್ನೂ ಮದ್ದನ್ನು ತಪ್ಪದೆ ತೆಗೆದುಕೊಳ್ಳುವುದರ ಅಗತ್ಯವನ್ನೂ ತಿಳಿಸಿದರು. 2014ರಲ್ಲಿ ಫಲಿತಾಂಶವು ಪ್ರಕಟವಾಯಿತು. ಮೂರು ತಿಂಗಳುಗಳಲ್ಲಿ ಕಲಿತ ಗುಂಪಿನವರ ಬಳಕೆಯು ಉತ್ತಮಗೊಂಡಿತ್ತು. ಮದ್ದನ್ನು ತಪ್ಪಿಸುವುದು ಕಡಿಮೆಯಾಗಿತ್ತು. ಎಂದಿನ ಗುಂಪಿನವರು 35 ಸಲ ಆಸ್ಪತ್ರೆ ಸೇರಬೇಕಾಗಿ ಬಂದಿದ್ದರೆ, ಇವರು 9 ಸಲ ಸೇರಿದ್ದರು. ಏದುಸಿರಿನ ಮಟ್ಟದಲ್ಲಿ ಮಾತ್ರ ಎರಡು ಗುಂಪುಗಳಿಗೆ ಗಮನಾರ್ಹವಾದ ಅಂತರ ಕಾಣಲಿಲ್ಲ. ಹರಿದ ಗಾಳಿಗೂಡನ್ನು ಯಾರ ಮಾತೂ ಹೊಲಿಯಲಾರದಷ್ಟೆ.

ಭಾರತದಲ್ಲಿ ಫಾರ್ಮಸಿಯ ಶಿಕ್ಷಣವು 1932ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಅವರ ಪ್ರಯತ್ನದಿಂದ ಮೊದಲಾಯಿತು. 1948ರ ಫಾರ್ಮಸಿ ಕಾಯಿದೆಯು ಈ ವೃತ್ತಿಗೆ ಒಂದು ಕಟ್ಟುಪಾಡನ್ನು ಕೊಟ್ಟಿತು. ಆದರೆ ಬಹುಕಾಲ ನಮ್ಮಲ್ಲಿ ಈ ಶಿಕ್ಷಣದ ದೃಷ್ಟಿಯು ಕಾರ್ಖಾನೆಯ ಕಡೆಗಿತ್ತೇ ಹೊರತು ರೋಗಿಯ ಕಡೆಗಿರಲಿಲ್ಲ. 1990ರ ದಶಕದ ಕೊನೆಯ ಭಾಗದಲ್ಲಿ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜು, ರೋಗಿಯ ಬಳಿಯಲ್ಲಿ ನಿಂತು ಔಷಧವನ್ನು ವಿಚಾರಿಸುವ ವಿದ್ಯೆಗೆ ಸ್ನಾತಕೋತ್ತರ ತರಗತಿಯನ್ನು ತೆರೆದ ಮೊದಲಿಗರಲ್ಲಿ ಒಂದಾಯಿತು. 2008ರಲ್ಲಿ ಆರು ವರ್ಷಗಳ ಫಾರ್ಮ್.ಡಿ. ವ್ಯಾಸಂಗವು ದೇಶದಲ್ಲಿ ಜಾರಿಗೆ ಬಂದಿತು. 2015ರ ಫಾರ್ಮಸಿ ವೃತ್ತಿ ನಿಯಮಗಳು, ಔಷಧವನ್ನು ಕೊಡುವಾಗ ರೋಗಿಗೆ ತಿಳಿವಳಿಕೆಯನ್ನು ಹೇಳುವುದು ಫಾರ್ಮಸಿಸ್ಟನ ಕರ್ತವ್ಯವೆಂದು ಸ್ಪಷ್ಟವಾಗಿ ವಿಧಿಸಿದವು. ನಿಯಮವು ಅಚ್ಚಾದುದು ಸುಲಭ. ಅಂಗಡಿಯ ಮುಂದೆ ಆರು ಜನ ಕೈಚಾಚಿ ನಿಂತಿರುವಾಗ ಏಳನೆಯವರನ್ನು ಕುರ್ಚಿಯಲ್ಲಿ ಕೂರಿಸಿ ಉಸಿರೆಳೆಸುವುದು ಸುಲಭವಲ್ಲ. ಹೀಗೆ ಕಲಿಸಿದ ಕಾಲಕ್ಕೆ ಬೆಲೆಕಟ್ಟಿ ಕೊಡುವವರೂ ಇಲ್ಲ. ನಿಂತಿರುವ ಆ ಆರು ಜನರಲ್ಲಿ ನಾವೂ ಇರುತ್ತೇವೆ, ತಡವಾಯಿತೆಂದು ಗೊಣಗುತ್ತೇವೆ.

ಮರುತಿಂಗಳು ಹೋದಾಗ ಆ ತರುಣಿಯು ಹಳೆಯ ಪಟ್ಟಿಗಳನ್ನು ತರಿಸಿ ಎಣಿಸಿದಳು. ಅರುವತ್ತು ಮುಗಿಯಬೇಕಾಗಿದ್ದಲ್ಲಿ ಹದಿನಾಲ್ಕು ಉಳಿದಿದ್ದವು. ಮನೆಗೆ ನೆಂಟರು ಬಂದಿದ್ದರೆಂದೂ, ಅವರೆದುರು ಸೇದಲು ಸಂಕೋಚವಾಯಿತೆಂದೂ ಅತ್ತೆಯವರು ಒಪ್ಪಿಕೊಂಡರು. ಹಾಗಾದರೆ ಉಪಕರಣವನ್ನು ಗೋಡೆಯ ಗೂಡಿನಿಂದ ತೆಗೆದು ಬಚ್ಚಲುಮನೆಯಲ್ಲಿ ಹಲ್ಲುಪುಡಿಯ ಜೊತೆ ಇಡಬಹುದೇ ಎಂದು ಅವಳು ಯೋಚಿಸಿದಳು. ಮರುಕ್ಷಣವೇ, ಅಲ್ಲಿ ತೇವವಿರುತ್ತದೆ, ಬೇಡ ಎಂದಳು. ಕೊನೆಗೆ ಮಲಗುವ ಕೋಣೆಯಲ್ಲಿ ದಿಂಬಿನ ಪಕ್ಕದ ಡಬ್ಬಿಯು ಗೊತ್ತಾಯಿತು. ಎದ್ದೊಡನೆ ಒಂದು, ಮಲಗುವ ಮುನ್ನ ಒಂದು. ಮುಕ್ಕಳಿಸಲು ಒಂದು ತಂಬಿಗೆ ನೀರು. ಅದರ ಮುಂದಿನ ತಿಂಗಳು ಉಳಿದುದು ಮೂರು.

ಅತ್ತೆಯವರ ರೋಗವು ಹೋಗಿಲ್ಲ, ಹೋಗುವಂಥದೂ ಅಲ್ಲ. ಮಗನು ಅಡುಗೆಗೆ ಗ್ಯಾಸಿನ ಒಲೆಯನ್ನು ತಂದಿದ್ದಾನೆ. ಸ್ನಾನದ ನೀರಿಗೆ ಹಂಡೆಯ ಒಲೆ ಈಗಲೂ ಉರಿಯುತ್ತದೆ. ಬಾವಿಯ ಕಟ್ಟೆಗೆ ಹೋಗುವಾಗ ಮೂರು ಕಡೆ ನಿಲ್ಲುತ್ತಿದ್ದವರು ಈಗ ಹಲಸಿನ ಮರದ ಬುಡದಲ್ಲಿ ಒಂದು ಕಡೆ ನಿಲ್ಲುತ್ತಾರೆ. ಕಳೆದ ಮಳೆಗಾಲವು ಆಸ್ಪತ್ರೆಯನ್ನು ಕಾಣದೆ ಕಳೆಯಿತು. ತಿಂಗಳಿಗೊಮ್ಮೆ ಔಷಧವನ್ನು ತರಲು ಹೋದಾಗಲೆಲ್ಲ ಆ ತರುಣಿಯು ಮಾದರಿ ಉಪಕರಣವನ್ನು ಮುಂದಿಟ್ಟು, ಒಮ್ಮೆ ತೋರಿಸಿ ಎನ್ನುತ್ತಾಳೆ. “ಈ ವಯಸ್ಸಿನಲ್ಲಿ ತಿಂಗಳಿಗೊಂದು ಪರೀಕ್ಷೆ!” ಎಂದು ಅತ್ತೆಯವರು ಬಸ್ಸಿನಲ್ಲಿ ನನ್ನೊಡನೆ ದೂರುತ್ತಾರೆ. ಹೋಗುವ ದಿನ ಬೆಳಿಗ್ಗೆ ಮಾತ್ರ ಕೋಣೆಯ ಬಾಗಿಲನ್ನು ಮುಚ್ಚಿಕೊಂಡು ಒಂದೆರಡು ಸಲ ಅಭ್ಯಾಸ ಮಾಡಿಕೊಳ್ಳುತ್ತಾರೆ.